ಬೆರಳಿನಿಂದ ಜಾರಿದ ಉಂಗುರ: ಹೊಸ ‘ಡಾಕ್ಟರ್’ ಬಂದಾಗಲೆಲ್ಲ ಜಗಳ ಏಕೆ?

ಪ್ರಶ್ನೆ: ನಾನು 2005ರಿಂದ ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಟಿವಿ ಸರಣಿಯನ್ನು ನೋಡುತ್ತಿದ್ದೇನೆ. ಅದರ ನಾಯಕ ‘ಡಾಕ್ಟರ್’ ಕಾಲದಲ್ಲಿ ಓಡಾಡುವ ಅನ್ಯಗ್ರಹದ ಜೀವಿ, ಸಾಯುವ ಹೊತ್ತಿಗೆ ದೇಹ ಬದಲಿಸುತ್ತಾನೆ, ಹಾಗಾಗಿ ಪಾತ್ರಕ್ಕೆ ಆಗಾಗ ಹೊಸ ನಟರು ಬರುತ್ತಾರೆ. ಆ ಪಾತ್ರದಿಂದ ಡೇವಿಡ್ ಟೆನಂಟ್ ಹೋದಾಗ ಮನೆಯವರೇ ದೂರವಾದಷ್ಟು ಬೇಸರವಾಗಿತ್ತು. ಆಮೇಲೆ ಪ್ರತಿ ಸಲ ಹೊಸಬರು ಬಂದಾಗಲೂ ಅದೇ ಗದ್ದಲ: ತೀರಾ ಚಿಕ್ಕವನು, ತೀರಾ ವಯಸ್ಸಾದವನು, ಹೆಂಗಸು ಹೇಗೆ ಡಾಕ್ಟರ್ ಆಗುತ್ತಾಳೆ ಎಂದು. ಶೂಟಿ ಗಾಟ್ವಾ ಹೋಗುವಾಗ ಕೊನೆಯ ದೃಶ್ಯದಲ್ಲಿ ಬಿಲ್ಲಿ ಪೈಪರ್ ಮುಖ ಕಂಡದ್ದೇ ನಮ್ಮ ಗೆಳೆಯರ ಗುಂಪು ಎರಡು ಹೋಳಾಯಿತು. ಜೋಡಿ ವಿಟೇಕರ್ ಕಾಲದಲ್ಲೇ ನೋಡುವುದನ್ನು ಬಿಟ್ಟ ಗೆಳತಿಯೊಬ್ಬಳು ‘ಸೀರೀಸ್ ಹಾಳಾದದ್ದೇ ಅವಳಿಂದ’ ಎನ್ನುತ್ತಾಳೆ. ಹೊಸ ನಟರನ್ನು ಒಪ್ಪಲು ಮನಸ್ಸು ಬಾರದಿದ್ದರೆ ಅದು ನೋಡುವವರ ತಪ್ಪೇ? ಏನನ್ನು ನೋಡಿ ತೀರ್ಮಾನಕ್ಕೆ ಬರಬೇಕು?

ಉತ್ತರ: ತಪ್ಪಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಏಕೆಂದರೆ ‘ನಿಜವಾದ ಅಭಿಮಾನಿಯಾದರೆ ಒಪ್ಪಿಕೊಳ್ಳಬೇಕು’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಹಾಗೆ ಹೇಳುವವರು ಈ ಸರಣಿಯ ಇತಿಹಾಸವನ್ನು ಮರೆತಿದ್ದಾರೆ. ಹೊಸ ಮುಖವನ್ನು ನಂಬದಿರುವುದು ಅಭಿಮಾನಿಗಳು ಹೊರಗಿನಿಂದ ತಂದ ರೋಗವಲ್ಲ. ಅದನ್ನು ಕಥೆಯೊಳಗೇ ಬರೆದು ಇಟ್ಟವರು 1966ರ ಬರಹಗಾರರು.

ಆ ವರ್ಷ ಏನಾಯಿತೆಂದು ಸ್ವಲ್ಪ ನಿಧಾನವಾಗಿ ನೋಡೋಣ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಸರಣಿ ಶುರುವಾದಾಗ ಡಾಕ್ಟರ್ ಆಗಿದ್ದವರು 55 ವರ್ಷದ ವಿಲಿಯಂ ಹಾರ್ಟ್‌ನೆಲ್. ಮೂರು ವರ್ಷದಲ್ಲಿ ಅವರ ಆರೋಗ್ಯ ಕೆಟ್ಟಿತು, ಸಂಭಾಷಣೆ ನೆನಪಿನಲ್ಲಿ ಉಳಿಯದಂತಾಯಿತು. ಮುಖ್ಯ ನಟ ಹೋದರೆ ಸರಣಿ ಮುಗಿಯಬೇಕು, ಅದು ರೂಢಿ. ಇಲ್ಲವೇ ಬೇರೆ ನಟನನ್ನು ತಂದು ಏನೂ ಆಗದವರಂತೆ ಮುಂದುವರಿಯಬೇಕು, ಅದೂ ರೂಢಿಯೇ. ನಿರ್ಮಾಪಕ ಇನೆಸ್ ಲಾಯ್ಡ್ ಮತ್ತು ಕಥಾ ಸಂಪಾದಕ ಜೆರ್ರಿ ಡೇವಿಸ್ ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದರು. ‘ದಿ ಟೆಂತ್ ಪ್ಲಾನೆಟ್’ ಕಥೆಯ ಕೊನೆಯಲ್ಲಿ, ಅಕ್ಟೋಬರ್ 29ರಂದು, ಡಾಕ್ಟರ್ ಟಾರ್ಡಿಸ್ ಎಂಬ ತನ್ನ ಕಾಲಯಾನದ ನೌಕೆಯೊಳಗೆ ಕುಸಿದು ಬಿದ್ದ. ಮುಖ ಬೆಳಕಿನಲ್ಲಿ ಕರಗಿತು, ಅದೇ ಜಾಗದಲ್ಲಿ ಪ್ಯಾಟ್ರಿಕ್ ಟ್ರೌಟನ್ ಮುಖ ಮೂಡಿತು. ಆಗ ಇದಕ್ಕೆ ‘ರೀಜನರೇಷನ್’ ಎಂಬ ಹೆಸರೂ ಇರಲಿಲ್ಲ. ಆ ಪದ ಸರಣಿಯೊಳಗೆ ಬಂದದ್ದು 1974ರಲ್ಲಿ.

ಮುಖ ಬದಲಾಯಿಸಿದ್ದು ಜಾಣತನ. ಆದರೆ ಅದಕ್ಕಿಂತ ದೊಡ್ಡ ಜಾಣತನ ಮುಂದಿನ ವಾರ ಶುರುವಾದ ‘ದಿ ಪವರ್ ಆಫ್ ದಿ ಡಾಲೆಕ್ಸ್’ ಕಥೆಯಲ್ಲಿದೆ. ಅಲ್ಲಿ ಡಾಕ್ಟರನ ಜೊತೆ ಇರುವವರು ಇಬ್ಬರು, ಪಾಲಿ ಮತ್ತು ಬೆನ್. ಪಾಲಿ ಬೇಗ ನಂಬುತ್ತಾಳೆ. ಬೆನ್ ನಂಬುವುದಿಲ್ಲ. ಹಳೆಯ ಡಾಕ್ಟರ್ ಸದಾ ತೊಡುತ್ತಿದ್ದ ಉಂಗುರವನ್ನು ಎತ್ತಿ ‘ನೀನು ಅವನೇ ಆದರೆ ಇದು ನಿನ್ನ ಬೆರಳಿಗೆ ಹೊಂದಬೇಕು’ ಎಂಬ ಪರೀಕ್ಷೆ ಒಡ್ಡುತ್ತಾನೆ. ಹೊಂದುವುದಿಲ್ಲ. ಗುರುತಿಗೆ ಉಂಗುರ ಕೇಳುವುದು ದುಷ್ಯಂತನ ಕಾಲದಿಂದ, ಹನುಮ ಲಂಕೆಗೆ ಮುದ್ರೆಯುಂಗುರ ಒಯ್ದ ಕಾಲದಿಂದ ನಮಗೆ ಗೊತ್ತಿರುವ ವಿಷಯ. ಆ ಕಥೆಗಳಲ್ಲಿ ಉಂಗುರ ಸಿಕ್ಕರೆ ಸಂಶಯ ತೀರುತ್ತದೆ. ಇಲ್ಲಿ ಉಂಗುರ ಸೋಲುತ್ತದೆ. ರೆಕ್ಕೆ ಬಿಚ್ಚಿದ ಚಿಟ್ಟೆ ಹಳೆಯ ಗೂಡಿನೊಳಗೆ ಹಿಡಿಸುತ್ತದೆಯೇ ಎಂಬ ಅರ್ಥದಲ್ಲಿ ಹೊಸ ಡಾಕ್ಟರ್ ಉತ್ತರಿಸುತ್ತಾನೆ. ತನ್ನನ್ನು ನಂಬು ಎಂದು ಗೋಗರೆಯುವುದಿಲ್ಲ. ಹಳೆಯ ಡಾಕ್ಟರನ ಬಗ್ಗೆ ಬೇರೆ ಯಾರದೋ ವಿಷಯವೆಂಬಂತೆ ಮಾತಾಡುತ್ತಾನೆ. ಕೊನೆಗೆ ಅವನನ್ನು ಗುರುತಿಸುವುದು ಗೆಳೆಯರಲ್ಲ, ಶತ್ರು. ಡಾಲೆಕ್ ಎಂಬ ಆ ಲೋಹದ ಕವಚದ ಜೀವಿ ಅವನನ್ನು ನೋಡಿದ ಕೂಡಲೇ ಇವನು ಯಾರೆಂದು ತಿಳಿದುಬಿಡುತ್ತದೆ.

ಬೆನ್ ಯಾರು? ಮನೆಯಲ್ಲಿ ಕೂತು ‘ಇವನು ನಮ್ಮ ಡಾಕ್ಟರ್ ಅಲ್ಲ’ ಎಂದು ಗೊಣಗುತ್ತಿದ್ದ ಪ್ರೇಕ್ಷಕ. ಅವನನ್ನು ಬರಹಗಾರರು ಮೂರ್ಖನಂತೆ ಚಿತ್ರಿಸಲಿಲ್ಲ, ಅವನ ಸಂಶಯಕ್ಕೆ ಕಥೆಯೊಳಗೆ ಜಾಗ ಕೊಟ್ಟರು. ಈ ಕಥೆಯ ಆರು ಎಪಿಸೋಡ್‌ಗಳ ಚಿತ್ರ ಪೂರ್ತಿಯಾಗಿ ಉಳಿದಿಲ್ಲ. ಪ್ರಸಾರದ ಹೊತ್ತಿಗೆ ಅಭಿಮಾನಿಗಳು ಮನೆಯಲ್ಲಿ ಧ್ವನಿಮುದ್ರಿಸಿಕೊಂಡ ಸದ್ದು ಉಳಿದಿದೆ, ಅದಕ್ಕೆ 2016ರಲ್ಲಿ ಅನಿಮೇಷನ್ ಜೋಡಿಸಿ ಹೊರತಂದರು. ಈ ಸರಣಿಯ ಬಗ್ಗೆ ವಾದ ಮಾಡುವ ಯಾರೇ ಆಗಲಿ ಮೊದಲು ಇದನ್ನು ನೋಡಬೇಕು ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ. ನಂತರ ಬಂದ ಪ್ರತಿ ಬದಲಾವಣೆಯೂ ಇದೇ ಪಾಠದ ಮೇಲೆ ನಿಂತಿದೆ: ಸಂಶಯ ಪಡುವವನಿಗೆ ಕಥೆಯಲ್ಲಿ ಎಷ್ಟು ಗೌರವದ ಜಾಗ ಸಿಕ್ಕಿತೋ, ಹೊಸ ನಟ ಅಷ್ಟು ಬೇಗ ನೆಲೆಯೂರಿದ.

ಇನ್ನು ನಿಮ್ಮ ಟೆನಂಟ್ ದುಃಖ. 2010ರ ಜನವರಿ 1ರಂದು ಪ್ರಸಾರವಾದ ‘ದಿ ಎಂಡ್ ಆಫ್ ಟೈಮ್’ ಎರಡನೆಯ ಭಾಗದಲ್ಲಿ ಅವರ ಡಾಕ್ಟರ್ ಹಳೆಯ ಒಡನಾಡಿಗಳನ್ನೆಲ್ಲ ಒಬ್ಬೊಬ್ಬರಾಗಿ ನೋಡಿ ಬರುತ್ತಾನೆ. ತನಗೆ ಹೋಗಲು ಇಷ್ಟವಿಲ್ಲ ಎಂದು ಕಣ್ಣೀರಿಡುತ್ತಲೇ ಹೋಗುತ್ತಾನೆ. ನಟನೆಯಾಗಿ ಅದು ಅಪರೂಪದ ದೃಶ್ಯ. ಆದರೆ ಅದು ಮುಂದೆ ಬರುವವನಿಗೆ ಮಾಡಿದ ಉಪಕಾರವಲ್ಲ. ಹೋಗುವವನೇ ಹೋಗಲಾರೆ ಎಂದರೆ ಬರುವವನು ಬೇಡದ ಅತಿಥಿಯಾಗುತ್ತಾನೆ. ಹಾಗಾಗಿ ನಿಮ್ಮ ಬೇಸರದಲ್ಲಿ ಒಂದು ಪಾಲು ಸರಣಿಯೇ ಹೆಣೆದು ಕೊಟ್ಟದ್ದು.

ಇದಕ್ಕೆ ಸರಿಯಾದ ಎದುರು ಉದಾಹರಣೆ 2014ರ ‘ಡೀಪ್ ಬ್ರೆತ್’. ಮ್ಯಾಟ್ ಸ್ಮಿತ್ ಹೋಗಿ ಪೀಟರ್ ಕಪಾಲ್ಡಿ ಬಂದಿದ್ದಾರೆ, ಅವರ ಜೊತೆಗಾತಿ ಕ್ಲಾರಾಗೆ ಈ ನರೆತ ಮನುಷ್ಯನನ್ನು ಒಪ್ಪಲಾಗುತ್ತಿಲ್ಲ. ಎಪಿಸೋಡಿನ ಕೊನೆಗೆ ಅವಳ ಫೋನ್ ಮೊಳಗುತ್ತದೆ. ಮಾತಾಡುತ್ತಿರುವವನು ಹಳೆಯ ಡಾಕ್ಟರ್, ತಾನು ಬದಲಾಗುವ ಮುನ್ನ ಮಾಡಿದ ಕರೆ ಅದು. ಹೊಸಬ ನಿನಗಿಂತ ಹೆಚ್ಚು ಹೆದರಿದ್ದಾನೆ, ಅವನ ಕೈ ಬಿಡಬೇಡ ಎಂಬುದು ಅದರ ತಿರುಳು. ಒಂದು ಕಡೆ ಹೋಗುವವನು ನಮ್ಮ ದುಃಖವನ್ನು ಹೆಚ್ಚಿಸಿದ, ಇನ್ನೊಂದು ಕಡೆ ಹೋಗುವವನು ತನ್ನ ಪ್ರೀತಿಯನ್ನು ಮುಂದಿನವನಿಗೆ ದಾಟಿಸಿದ. ಎರಡನ್ನೂ ಒಂದೇ ಸಂಜೆ ನೋಡಿ, ಅಭಿಮಾನಿಗಳ ಜಗಳದ ಅರ್ಧ ಕಾರಣ ಅಲ್ಲೇ ಸಿಗುತ್ತದೆ.

ಘೋಷಣೆಯ ದಿನವೇ ತೀರ್ಪು ಕೊಡುವವರ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಒಂದು ಬಗೆ. ಇವರದು ಕೂಸು ಹುಟ್ಟುವ ಮುಂಚೆಯೇ ಅದಕ್ಕೆ ಕುಂಟು ಎಂದು ಹೆಸರಿಡುವ ಬಗೆ. 2009ರ ಜನವರಿಯಲ್ಲಿ ಸ್ಮಿತ್ ಹೆಸರು ಹೊರಬಿದ್ದಾಗ ಅವರಿಗೆ 26 ವರ್ಷ, ಆ ಪಾತ್ರಕ್ಕೆ ಬಂದವರಲ್ಲೇ ಅತಿ ಕಿರಿಯ. ಯುವಕನೊಬ್ಬ ನೂರಾರು ವರ್ಷ ಬದುಕಿದ ಜೀವಿಯಾಗಿ ಕಾಣುವುದು ಹೇಗೆ ಎಂಬ ಆಕ್ಷೇಪ ಆಗ ಎಲ್ಲ ಕಡೆ ಇತ್ತು. 2010ರ ಏಪ್ರಿಲ್‌ನಲ್ಲಿ ‘ದಿ ಇಲೆವೆಂತ್ ಅವರ್’ ಬಂತು. ಚೂರುಚೂರಾದ ಬಟ್ಟೆಯಲ್ಲೇ ಇಡೀ ಕಥೆ ಓಡಿದ ಡಾಕ್ಟರ್ ಕೊನೆಯಲ್ಲಿ ಹೊಸ ಬಟ್ಟೆ ತೊಡುತ್ತ, ಆಕಾಶದ ಶತ್ರುವಿನ ಮುಂದೆ ನಿಲ್ಲುತ್ತಾನೆ. ಹಿಂದಿನ ಹತ್ತೂ ಮುಖಗಳು ಒಂದೊಂದಾಗಿ ಗಾಳಿಯಲ್ಲಿ ಮೂಡುತ್ತವೆ. ಆ ಹತ್ತನೆಯ ಮುಖವನ್ನು, ಅಂದರೆ ಟೆನಂಟ್ ಮುಖವನ್ನು, ಸೀಳಿಕೊಂಡು ಸ್ಮಿತ್ ಮುಂದೆ ನಡೆದು ಬರುತ್ತಾರೆ. ಒಂದೇ ನಡಿಗೆಯಲ್ಲಿ ಒಂದು ವರ್ಷದ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. ನಟ ಒಳ್ಳೆಯವನು, ನಿಜ. ಆದರೆ ಆ ನಡಿಗೆಯನ್ನು ಯಾರೋ ಬರೆದುಕೊಟ್ಟರು ಎಂಬುದನ್ನು ಗಮನಿಸಿ.

ಬರೆದುಕೊಡದಿದ್ದರೆ ಏನಾಗುತ್ತದೆ? ಕಾಲಿನ್ ಬೇಕರ್ ಕಥೆ ಅದು. ಈ ಸರಣಿಯಲ್ಲಿ ಇಷ್ಟು ಅನ್ಯಾಯಕ್ಕೆ ಒಳಗಾದ ನಟ ಇನ್ನೊಬ್ಬರಿಲ್ಲ ಎಂದು ನಾನು ನಂಬುತ್ತೇನೆ. 1984ರ ಮಾರ್ಚ್‌ನಲ್ಲಿ ಪೀಟರ್ ಡೇವಿಸನ್ ಅವರ ಡಾಕ್ಟರ್ ‘ದಿ ಕೇವ್ಸ್ ಆಫ್ ಆಂಡ್ರೊಜಾನಿ’ಯಲ್ಲಿ ಜೊತೆಗಾತಿ ಪೆರಿಯನ್ನು ಉಳಿಸಲು ತನ್ನ ಪ್ರಾಣ ಬಿಟ್ಟ. ಮುಂದಿನ ಕಥೆ ‘ದಿ ಟ್ವಿನ್ ಡಿಲೆಮಾ’ದಲ್ಲಿ ಕಾಲಿನ್ ಬೇಕರ್ ಡಾಕ್ಟರ್. ಅವನು ಅದೇ ಪೆರಿಯ ಕುತ್ತಿಗೆ ಹಿಸುಕುತ್ತಾನೆ. ಹಿಂದಿನವನು ಯಾರಿಗಾಗಿ ಸತ್ತನೋ ಅವಳ ಕುತ್ತಿಗೆಯನ್ನೇ. ಮೈಮೇಲೆ ಒಂದಕ್ಕೊಂದು ಹೊಂದದ ಬಣ್ಣಗಳ ಕೋಟು. ಮೊದಮೊದಲು ಕಠಿಣನಾಗಿ ಕಾಣಿಸಿ ನಿಧಾನವಾಗಿ ಒಳಗಿನ ಮೃದುತನವನ್ನು ತೋರಿಸುವುದು ಸರಣಿ ಮಾಡಿದವರ ಯೋಚನೆ. ಯೋಚನೆ ಕೆಟ್ಟದ್ದಲ್ಲ. ಆದರೆ ಈ ಕಥೆ ಆ ಸೀಸನ್ನಿನ ಕೊನೆಯದಾಗಿತ್ತು. ಮುಂದಿನ ಕಥೆ ಬಂದದ್ದು 1985ರ ಜನವರಿಯಲ್ಲಿ. ಅಷ್ಟು ತಿಂಗಳು ಪ್ರೇಕ್ಷಕರ ಮನಸ್ಸಿನಲ್ಲಿ ಉಳಿದದ್ದು ಆ ಹಿಸುಕುವ ಕೈಗಳು.

2009ರಲ್ಲಿ ‘ಡಾಕ್ಟರ್ ಹೂ ಮ್ಯಾಗಜಿನ್’ ಅಲ್ಲಿಯವರೆಗಿನ 200 ಕಥೆಗಳಿಗೆ ಓದುಗರಿಂದ ಅಂಕ ಹಾಕಿಸಿತು. ‘ಕೇವ್ಸ್ ಆಫ್ ಆಂಡ್ರೊಜಾನಿ’ಗೆ ಮೊದಲನೆಯ ಸ್ಥಾನ. ‘ಟ್ವಿನ್ ಡಿಲೆಮಾ’ಗೆ ಇನ್ನೂರನೆಯದು. ಒಂದರ ಬೆನ್ನಿಗೆ ಒಂದು ಪ್ರಸಾರವಾದ ಎರಡು ಕಥೆಗಳು ಪಟ್ಟಿಯ ಎರಡು ತುದಿಗೆ ಹೋಗಿ ಕೂತವು. ನಡುವೆ ನಟ ಬದಲಾದದ್ದು ನಿಜ, ಆದರೆ ಅಂಕ ಬಿದ್ದದ್ದು ಬರವಣಿಗೆಗೆ. 1985ರಲ್ಲಿ ಬಿಬಿಸಿ ಸರಣಿಯನ್ನು ಹದಿನೆಂಟು ತಿಂಗಳು ನಿಲ್ಲಿಸಿತು, 1986ರ ಸೀಸನ್ ಮುಗಿದ ಮೇಲೆ ಕಾಲಿನ್ ಬೇಕರ್ ಅವರನ್ನು ತೆಗೆಯಿತು. ಬದಲಾವಣೆಯ ದೃಶ್ಯಕ್ಕಾಗಿ ಮರಳಿ ಬನ್ನಿ ಎಂದಾಗ ಅವರು ಒಪ್ಪಲಿಲ್ಲ. 1987ರಲ್ಲಿ ಸಿಲ್ವೆಸ್ಟರ್ ಮೆಕಾಯ್ ಅವರೇ ಗುಂಗುರು ಕೂದಲಿನ ವಿಗ್ ಹಾಕಿ ನೆಲದ ಮೇಲೆ ಮಲಗಿ ಎರಡೂ ಮುಖವಾದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನಗೆ ಬೇಡ. ‘ಬಿಗ್ ಫಿನಿಶ್’ ಸಂಸ್ಥೆ 1999ರಿಂದ ಹೊರತರುತ್ತಿರುವ ಶ್ರವ್ಯ ನಾಟಕಗಳಲ್ಲಿ ಅದೇ ಕಾಲಿನ್ ಬೇಕರ್ ಅದೇ ಡಾಕ್ಟರ್ ಆಗಿ ಒಳ್ಳೆಯ ಬರವಣಿಗೆ ಪಡೆದರು. ಅಭಿಮಾನಿಗಳು ಅವರನ್ನು ಎರಡನೆಯ ಬಾರಿ ಅಳೆದರು, ಈ ಸಲ ಪ್ರೀತಿಯಿಂದ. ದನಿ ಅದೇ, ಮನುಷ್ಯ ಅದೇ.

ಕಪಾಲ್ಡಿ ಬಂದದ್ದೂ ಹೆಚ್ಚುಕಡಿಮೆ ಅದೇ ಯೋಚನೆಯೊಂದಿಗೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಒರಟು, ಸಿಡುಕು, ತಾನು ಒಳ್ಳೆಯವನೇ ಎಂದು ಜೊತೆಗಾತಿಯನ್ನೇ ಕೇಳುವ ಡಾಕ್ಟರ್. ವ್ಯತ್ಯಾಸ ಎಲ್ಲಿ? ಅವರಿಗೆ ಮೂರು ಸೀಸನ್ ಸಿಕ್ಕಿತು, ಕಾಠಿಣ್ಯ ಕರಗುವುದನ್ನು ಎಪಿಸೋಡಿನಿಂದ ಎಪಿಸೋಡಿಗೆ ಬರೆದರು. ಹುಡುಗನಾಗಿದ್ದಾಗ ಇದೇ ಸರಣಿಯ ಬಗ್ಗೆ ಪತ್ರಿಕೆಗೆ ಪತ್ರ ಬರೆದು ಅಚ್ಚಾದ ಅಭಿಮಾನಿ ಅವರು. ಪಾತ್ರ ಸಿಕ್ಕಾಗ ವಯಸ್ಸು 55, ಹಾರ್ಟ್‌ನೆಲ್ ಶುರುಮಾಡಿದ ವಯಸ್ಸೇ. ಆದರೂ ‘ತೀರಾ ವಯಸ್ಸಾಯಿತು’ ಎಂದು ಕೇಳಬೇಕಾಯಿತು.

ಈಗ ವಿಟೇಕರ್ ವಿಷಯ, ನಿಮ್ಮ ಗೆಳತಿಯ ವಿಷಯ. 2017ರ ಜುಲೈ 16ರಂದು ವಿಂಬಲ್ಡನ್ ಪುರುಷರ ಫೈನಲ್ ಮುಗಿದ ಮೇಲೆ ಅವರ ಹೆಸರು ಪ್ರಕಟವಾಯಿತು. ಅಂದಿನಿಂದ ನಡೆದದ್ದು ಒಂದು ಜಗಳವಲ್ಲ, ಎರಡು. ಎರಡನ್ನೂ ಬಿಡಿಸಿ ನೋಡದಿದ್ದರೆ ಯಾರಿಗೂ ನ್ಯಾಯ ಸಿಗುವುದಿಲ್ಲ.

ಮೊದಲನೆಯದು ಹೆಣ್ಣು ಡಾಕ್ಟರ್ ಆಗಬಹುದೇ ಎಂಬುದು. ಇದಕ್ಕೆ ಕಥೆಯೊಳಗೆ ಉತ್ತರ ಮೊದಲೇ ಇತ್ತು. 2011ರಲ್ಲಿ ಕೊರ್ಸೇರ್ ಎಂಬ ಟೈಮ್ ಲಾರ್ಡ್, ಅಂದರೆ ಡಾಕ್ಟರನದೇ ಕುಲದ ಜೀವಿ, ಒಮ್ಮೆ ಗಂಡು, ಒಮ್ಮೆ ಹೆಣ್ಣಾಗಿದ್ದ ಪ್ರಸ್ತಾಪ ಬಂತು. 2014ರಲ್ಲಿ ಡಾಕ್ಟರನ ಹಳೆಯ ವೈರಿ ಮಾಸ್ಟರ್ ಮಿಸ್ಸಿ ಎಂಬ ಹೆಂಗಸಾಗಿ ಬಂದಳು, ಮಿಶೆಲ್ ಗೋಮೆಜ್ ಆ ಪಾತ್ರದಲ್ಲಿ ಮಿಂಚಿದರು. 2015ರಲ್ಲಿ ಬಿಳಿಯ ಸೇನಾಧಿಕಾರಿಯೊಬ್ಬ ಕ್ಯಾಮೆರಾ ಮುಂದೆಯೇ ಕಪ್ಪು ಮಹಿಳೆಯಾದ. ಇನ್ನೂ ಹಿಂದೆ ಹೋದರೆ, ಸರಣಿಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಸಿಡ್ನಿ ನ್ಯೂಮನ್ 1986ರಲ್ಲೇ ಬಿಬಿಸಿಗೆ ಬರೆದ ಪತ್ರದಲ್ಲಿ ಡಾಕ್ಟರನ್ನು ಹೆಣ್ಣಾಗಿಸುವ ಸಲಹೆ ಕೊಟ್ಟಿದ್ದರು. ದೇಹವೇ ಬದಲಾಗುವ ಜೀವಿಗೆ ಹೆಣ್ಣಿನ ದೇಹ ಮಾತ್ರ ಬರಬಾರದು ಎನ್ನಲು ಕಥೆಯ ಒಳಗಿಂದ ಒಂದು ಕಾರಣವೂ ಸಿಗುವುದಿಲ್ಲ. ಕಾರಣ ಹೊರಗಿನದು, ಅದನ್ನು ಹೊರಗಿನದು ಎಂದೇ ಕರೆಯಬೇಕು.

ಎರಡನೆಯ ಜಗಳ ಬರವಣಿಗೆಯದು, ಅದರಲ್ಲಿ ತಿರುಳಿದೆ. ಶೋರನ್ನರ್, ಅಂದರೆ ಸರಣಿಯ ಹೊಣೆ ಹೊತ್ತ ಮುಖ್ಯ ಬರಹಗಾರ, ಕ್ರಿಸ್ ಚಿಬ್ನಲ್ ಆ ಟಾರ್ಡಿಸ್ ಒಳಗೆ ಮೂವರು ಜೊತೆಗಾರರನ್ನು ತುಂಬಿದರು, ಮಾತು ನಾಲ್ಕು ಪಾಲಾಯಿತು. ಡಾಕ್ಟರ್ ಎಷ್ಟೋ ಕಡೆ ಕಥೆಯನ್ನು ನಡೆಸುವ ಬದಲು ವಿವರಿಸುತ್ತ ನಿಂತಳು. 2020ರ ‘ದಿ ಟೈಮ್‌ಲೆಸ್ ಚಿಲ್ಡ್ರನ್’ ಹಾರ್ಟ್‌ನೆಲ್‌ಗೂ ಮುಂಚೆ ಲೆಕ್ಕವಿಲ್ಲದಷ್ಟು ಡಾಕ್ಟರ್‌ಗಳಿದ್ದರು ಎಂದು ಇಡೀ ಮೂಲಕಥೆಯನ್ನೇ ಕದಲಿಸಿತು. ಇದನ್ನು ಟೀಕಿಸುವವರಲ್ಲಿ ವಿಟೇಕರ್ ಅವರನ್ನು ಮನಸಾರೆ ಸ್ವಾಗತಿಸಿದವರೂ ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಕಷ್ಟವೇನೆಂದರೆ ಬರವಣಿಗೆ ಸಾಲದು ಎಂದರೆ ಹೆಣ್ಣನ್ನು ವಿರೋಧಿಸುವವನು ಎಂಬ ಹಣೆಪಟ್ಟಿ ಬೀಳುತ್ತಿತ್ತು. ಹೆಣ್ಣನ್ನು ವಿರೋಧಿಸುವವನು ತಾನು ಬರವಣಿಗೆಯನ್ನಷ್ಟೇ ಟೀಕಿಸುತ್ತಿದ್ದೇನೆ ಎಂದು ಮರೆಯಲ್ಲಿ ನಿಲ್ಲುತ್ತಿದ್ದ. ಈ ಗೋಜಲಿನಲ್ಲಿ ನಟಿ ಸಿಕ್ಕಿಬಿದ್ದರು. ನಿಮ್ಮ ಗೆಳತಿ ‘ಅವಳಿಂದ ಹಾಳಾಯಿತು’ ಎಂದಾಗ ಜಗಳ ಬೇಡ, ಒಂದೇ ಪ್ರಶ್ನೆ ಕೇಳಿ: ಯಾವ ದೃಶ್ಯದಲ್ಲಿ ನಟನೆ ಸೋತಿತು, ಯಾವ ದೃಶ್ಯದಲ್ಲಿ ಮಾತು ಸೋತಿತು? ಉತ್ತರ ಕೊಡಲು ಆಕೆ ಆ ಎಪಿಸೋಡುಗಳನ್ನು ಮತ್ತೆ ನೋಡಬೇಕಾಗುತ್ತದೆ, ನಮಗೆ ಬೇಕಾದದ್ದೂ ಅದೇ.

ವೀಕ್ಷಕರ ಸಂಖ್ಯೆಯನ್ನು ಆಯುಧ ಮಾಡಿಕೊಳ್ಳುವವರಿಗೆ ಒಂದು ಮಾತು. ವಿಟೇಕರ್ ಅವರ ಮೊದಲ ಎಪಿಸೋಡನ್ನು ಅಂದು ರಾತ್ರಿಯೇ ನೋಡಿದವರು 82 ಲಕ್ಷ. ಒಂದು ವಾರದಲ್ಲಿ ನೋಡಿದವರನ್ನೂ ಸೇರಿಸಿದಾಗ ಅದು ಸುಮಾರು 1 ಕೋಟಿ 10 ಲಕ್ಷ ಆಯಿತು. ರಾತ್ರಿಯ ಅಂಕಿಯನ್ನು ಒಬ್ಬ ಹಿಡಿಯುತ್ತಾನೆ, ವಾರದ ಅಂಕಿಯನ್ನು ಇನ್ನೊಬ್ಬ. 2024ರಿಂದ ಎಪಿಸೋಡುಗಳು ಟಿವಿಗಿಂತ ಮುಂಚೆಯೇ ಬಿಬಿಸಿಯ ಆನ್‌ಲೈನ್ ಸೇವೆ ಐಪ್ಲೇಯರ್‌ನಲ್ಲಿ ಬರತೊಡಗಿದ ಮೇಲೆ ಹಳೆಯ ಅಂಕಿಗಳ ಜೊತೆ ಹೋಲಿಕೆಗೇ ಅರ್ಥವಿಲ್ಲ.

ಗಾಟ್ವಾ ಅವರ ಬಗ್ಗೆ ನನಗಿರುವುದು ಬೇರೆ ಬಗೆಯ ಸಂಕಟ. ರುವಾಂಡಾದಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಅವರು ಈ ಸರಣಿಯ ಮುಖ್ಯ ಪಾತ್ರ ಹೊತ್ತ ಮೊದಲ ಕಪ್ಪು ನಟ. ಅವರಿಗೆ ಸಿಕ್ಕದ್ದು ತಲಾ ಎಂಟು ಎಪಿಸೋಡಿನ ಎರಡು ಸೀಸನ್ ಮತ್ತು ಕ್ರಿಸ್‌ಮಸ್ ವಿಶೇಷಗಳು. ಟಾಮ್ ಬೇಕರ್ 1974ರಿಂದ 1981ರವರೆಗೆ ಏಳು ಸೀಸನ್ ಇದ್ದರು. ಅಷ್ಟು ವರ್ಷ ಜೊತೆಗಿದ್ದವನು ಮನೆಮಾತಾಗುತ್ತಾನೆ, ಹದಿನೆಂಟು ಎಪಿಸೋಡಿನಲ್ಲಿ ಪರಿಚಯವಷ್ಟೇ ಆಗುತ್ತದೆ. ಸಾಲದ್ದಕ್ಕೆ ಮೊದಲ ಸೀಸನ್ನಿನ ಎರಡು ಎಪಿಸೋಡುಗಳಲ್ಲಿ ಡಾಕ್ಟರ್ ಇರುವುದೇ ಅಪರೂಪ. ಅವುಗಳಲ್ಲಿ ಒಂದಾದ ‘ಡಾಟ್ ಅಂಡ್ ಬಬಲ್’ನ ಕೊನೆಯ ಕೆಲವು ನಿಮಿಷ ಮಾತ್ರ ಯಾರೂ ಮರೆಯಲಾರರು. ಸಾವಿನಿಂದ ಪಾರುಮಾಡಲು ಕೈ ಚಾಚಿದ ಡಾಕ್ಟರನ್ನು ಅವನ ಬಣ್ಣ ನೋಡಿ ಆ ಜನ ನಿರಾಕರಿಸುತ್ತಾರೆ. ಮೊದಲು ನಕ್ಕು, ಆಮೇಲೆ ಚೀರಿಡುವ ಗಾಟ್ವಾ ಮುಖದಲ್ಲಿ ಈ ಸರಣಿಗೆ ಹಿಂದೆಂದೂ ಸಾಧ್ಯವಾಗದಿದ್ದ ಒಂದು ನೋವಿದೆ. ಹಿಂದಿನ ಯಾವ ಮುಖ್ಯ ಡಾಕ್ಟರ್‌ಗಾಗಿಯೂ ಆ ದೃಶ್ಯವನ್ನು ಬರೆಯಲು ಆಗುತ್ತಿರಲಿಲ್ಲ.

2025ರ ಮೇ 31ರಂದು ಅವರು ಹೋದರು, ಬಿಲ್ಲಿ ಪೈಪರ್ ಮುಖ ಬಂತು. ಹೆಸರುಗಳ ಸಾಲಿನಲ್ಲಿ ‘ಬಿಲ್ಲಿ ಪೈಪರ್ ಪರಿಚಯ’ ಎಂದಷ್ಟೇ ಇತ್ತು, ‘ಡಾಕ್ಟರ್ ಆಗಿ’ ಎಂಬ ಎಂದಿನ ಮಾತು ಇರಲಿಲ್ಲ. ನಿಮ್ಮ ಗುಂಪು ಹೋಳಾಗಿರುವುದು ಆ ಬಿಟ್ಟ ಜಾಗದ ಮೇಲೆ. ನನ್ನ ಗಮನ ಇನ್ನೊಂದು ಕಡೆಗಿದೆ. ನೀವು ನೋಡಲು ಶುರುಮಾಡಿದ 2005ರಲ್ಲಿ ಪೈಪರ್ ಡಾಕ್ಟರನ ಜೊತೆಗಾತಿ ರೋಸ್ ಆಗಿದ್ದರು. ಎಕಲ್‌ಸ್ಟನ್ ಹೋಗಿ ಟೆನಂಟ್ ಬಂದ ಆ ಕ್ರಿಸ್‌ಮಸ್ ಎಪಿಸೋಡ್ ನೆನಪಿಸಿಕೊಳ್ಳಿ. ಹೊಸ ಡಾಕ್ಟರ್ ಬಹುಪಾಲು ಹೊತ್ತು ಹಾಸಿಗೆ ಹಿಡಿದು ಮಲಗಿರುತ್ತಾನೆ. ಅವನು ಹೋಗಿಬಿಟ್ಟ, ತನ್ನನ್ನು ಬಿಟ್ಟು ಹೋದ ಎಂದು ಅಳುವವಳು ರೋಸ್. ಆ ವರ್ಷ ನಿಮ್ಮೆಲ್ಲರ ಪರವಾಗಿ ಬೆನ್‌ನ ಕೆಲಸ ಮಾಡಿದ ಮುಖ ಅದು. ಟೆನಂಟ್ ನಿಮಗೆ ಅಷ್ಟು ಹತ್ತಿರವಾದದ್ದು ಆ ಮುಖ ಅವರನ್ನು ನಿಧಾನವಾಗಿ ನಂಬಿದ್ದರಿಂದ. ಈಗ ಅದೇ ಮುಖವನ್ನು ನಂಬಬೇಕೇ ಎಂಬ ಪ್ರಶ್ನೆ ನಿಮ್ಮ ಮುಂದಿದೆ. ಇದಕ್ಕೆ ಬರುವ ಕಥೆ ಎಷ್ಟು ಚೆನ್ನಾಗಿ ಉತ್ತರ ಕೊಡುತ್ತದೋ ಅದನ್ನು ನೋಡಿ ಅಳೆಯಿರಿ, ಹಳೆಯ ನಟಿಯನ್ನು ಮತ್ತೆ ತಂದರು ಎಂಬ ಸುದ್ದಿಯನ್ನು ನೋಡಿ ಅಲ್ಲ.

ಅಳೆಯುವ ಬಗೆ ಕೇಳಿದ್ದೀರಿ. ಮೊದಲ ಎಪಿಸೋಡ್ ಸಾಲದು, ಅದರಲ್ಲಿ ಎಲ್ಲ ನಟರೂ ಹಿಂದಿನವರ ನೆರಳಿನಲ್ಲೇ ಇರುತ್ತಾರೆ. ನಾನು ಕಾಯುವುದು ಒಂದೇ ಒಂದು ಗಳಿಗೆಗೆ: ಡಾಕ್ಟರ್ ಯಾರನ್ನೋ ಉಳಿಸಲಾಗದೆ ಸೋಲುವ ಗಳಿಗೆ. ಗೆಲ್ಲುವಾಗ ಎಲ್ಲರೂ ಒಂದೇ ಥರ ಓಡುತ್ತಾರೆ, ಒಂದೇ ಥರ ಮಾತಾಡುತ್ತಾರೆ. ಸೋಲುವಾಗ ಪ್ರತಿಯೊಬ್ಬರೂ ಬೇರೆ.

ಗೆಳತಿಗೆ ತೋರಿಸಲು 2018ರ ‘ಡೀಮನ್ಸ್ ಆಫ್ ದಿ ಪಂಜಾಬ್’ ಇರಲಿ. ಬರೆದವರು ವಿನಯ್ ಪಟೇಲ್. 1947ರ ಆಗಸ್ಟ್, ಗಡಿ ಗೆರೆ ಬೀಳುತ್ತಿರುವ ದಿನ. ಜೊತೆಗಾತಿ ಯಾಜ್‌ಳ ಅಜ್ಜಿ ಉಂಬ್ರೀನ್ ಮುಸ್ಲಿಂ ಹುಡುಗಿ, ಅವಳು ಮದುವೆಯಾಗುತ್ತಿರುವ ಪ್ರೇಮ್ ಹಿಂದೂ. ಮದುವೆ ಮಾಡಿಸಬೇಕಾದ ಸಾಧು ಕೊಲೆಯಾಗಿದ್ದಾನೆ, ಡಾಕ್ಟರೇ ನಿಂತು ಮದುವೆ ಮಾಡಿಸುತ್ತಾಳೆ. ಪ್ರೇಮ್‌ನನ್ನು ಉಳಿಸಿದರೆ ಯಾಜ್ ಹುಟ್ಟುವುದೇ ಇಲ್ಲ. ಅವನ ತಮ್ಮ ಕರೆತಂದ ಗುಂಪು ಬಂದಾಗ ಡಾಕ್ಟರ್ ಮೂವರನ್ನೂ ಕರೆದುಕೊಂಡು ಬೆನ್ನು ತಿರುಗಿಸಿ ನಡೆಯುತ್ತಾಳೆ. ಹಿಂದೆ ಗುಂಡಿನ ಸದ್ದು ಕೇಳಿಸುತ್ತದೆ. ಆ ಹೊತ್ತಿನಲ್ಲಿ ವಿಟೇಕರ್ ಮುಖವನ್ನು ನೋಡುವಂತೆ ಹೇಳಿ. ಆಮೇಲೆ ಆಕೆ ಏನಂದಳು ಎಂದು ನನಗೂ ಬರೆಯಿರಿ.